ಹೊಡೆದ ಮೇಲೆ, ಮೀಟಿದ ಮೇಲೆ

ಮಧ್ಯಾಹ್ನ ಎರಡರಿಂದ ನಾಲ್ಕರವರೆಗೆ ನಮ್ಮ ಬಡಾವಣೆಯ ಪೂಲ್ ಪಾರ್ಲರಿನಲ್ಲಿ ಯಾರೂ ಇರುವುದಿಲ್ಲ. ಕಾಲೇಜು ಹುಡುಗರು ಬರುವುದು ಐದರ ಮೇಲೆ. ವಾರದಲ್ಲಿ ಮೂರು ದಿನ ಆ ಎರಡು ಗಂಟೆ ಮೂಲೆಯ ಮೇಜು ನನ್ನದು. ಮೇಲಿನ ದೀಪ ಹಾಕಿದ ಕೂಡಲೇ ನೀಲಿ ಬಟ್ಟೆ ಬೆಳಗಿನ ಕೆರೆಯಂತೆ ತೆರೆದುಕೊಳ್ಳುತ್ತದೆ. 9 ಅಡಿ ಉದ್ದ, ನಾಲ್ಕೂವರೆ ಅಡಿ ಅಗಲ, ಆರು ಗುಂಡಿ. ಕ್ಯೂ ಕೋಲಿನ ತುದಿಯ ಚರ್ಮಕ್ಕೆ ನೀಲಿ ಚಾಕ್ ಸವರುತ್ತೇನೆ. ಬಳಪ ತಿರುವಿದ ಹಾಗೆ ತಿರುವಬಾರದು, ಹಣೆಗೆ ಕುಂಕುಮ ತೀಡಿದ ಹಾಗೆ ಬದಿಯಿಂದ ಬದಿಗೆ ಹಗುರವಾಗಿ ಒರೆಸಬೇಕು. ಇಷ್ಟು ಮಾಡಿ ಬಗ್ಗಿ ನಿಂತರೆ ಹೊರಗಿನ ರಸ್ತೆ, ಆಟೋ, ಹಾರ್ನು ಎಲ್ಲ ದೂರವಾಗುತ್ತವೆ.

ಮೊದಲ ಅರ್ಧ ಗಂಟೆ ಒಂದೇ ಅಭ್ಯಾಸ. ಬಿಳಿ ಚೆಂಡು ಹೋಗಿ ಬಣ್ಣದ ಚೆಂಡಿಗೆ ನೇರ ತಾಗಬೇಕು, ಬಣ್ಣದ್ದು ಗುಂಡಿಗೆ ಬೀಳಬೇಕು, ಬಿಳಿಯದು ತಾಗಿದ ಜಾಗದಲ್ಲೇ ಮೊಳೆ ಹೊಡೆದ ಹಾಗೆ ನಿಂತುಬಿಡಬೇಕು. ಕೂದಲೆಳೆಯಷ್ಟೂ ಮುಂದಕ್ಕೆ ಉರುಳಬಾರದು, ಹಿಂದಕ್ಕೆ ಸರಿಯಬಾರದು. ಇದಕ್ಕೆ ಸ್ಟಾಪ್ ಶಾಟ್ ಅನ್ನುತ್ತಾರೆ. ಸಂಗೀತ ಕಲಿಯುವ ಮಕ್ಕಳಿಗೆ ಸರಳೆವರಸೆ ಇದ್ದಂತೆ ಪೂಲ್ ಆಡುವವರಿಗೆ ಇದು. ನೋಡಿದರೆ ಏನೂ ಇಲ್ಲ, ಮಾಡಹೋದರೆ ಆಯುಷ್ಯ ಸಾಲದು.

ಇದರ ಒಳಗುಟ್ಟು ಸೊಗಸಾಗಿದೆ. ಬಿಳಿ ಚೆಂಡಿನ ನಡುವಿಗಿಂತ ತುಸು ಕೆಳಗೆ ಹೊಡೆದರೆ ಅದು ಹಿಮ್ಮುಖವಾಗಿ ಸುತ್ತುತ್ತ, ಬಟ್ಟೆಯ ಮೇಲೆ ಜಾರಿಕೊಂಡು ಮುಂದೆ ಹೋಗುತ್ತದೆ. ಹೋಗುತ್ತ ಹೋಗುತ್ತ ಬಟ್ಟೆಯ ಉಜ್ಜಾಟ ಆ ಸುತ್ತನ್ನು ಸವೆಸುತ್ತದೆ. ಹಿಮ್ಮುಖದ ಸುತ್ತು ಪೂರ್ತಿ ತೀರಿಹೋಗಿ, ಮುಮ್ಮುಖದ ಉರುಳು ಇನ್ನೂ ಶುರುವಾಗದೆ ಇರುವ ಒಂದು ಗಳಿಗೆ ಬರುತ್ತದಲ್ಲ, ಆ ಗಳಿಗೆಯಲ್ಲೇ ಅದು ಎದುರಿನ ಚೆಂಡನ್ನು ಮುಟ್ಟಬೇಕು. ಆಗ ಅದರಲ್ಲಿದ್ದ ವೇಗವೆಲ್ಲ ಎದುರಿನದಕ್ಕೆ ದಾಟಿ, ಇದು ಖಾಲಿಯಾಗಿ ನಿಲ್ಲುತ್ತದೆ. ಚೆಂಡುಗಳ ನಡುವೆ ಒಂದಡಿ ಇದ್ದರೆ ಒಂದು ಲೆಕ್ಕ, ಐದಡಿ ಇದ್ದರೆ ಇನ್ನೊಂದು. ದೂರ ಹೆಚ್ಚಿದಷ್ಟೂ ಕೆಳಗೆ ಹೊಡೆಯಬೇಕು, ಇಲ್ಲವೇ ಬಿರುಸಾಗಿ ಹೊಡೆಯಬೇಕು. ಫ್ರಾನ್ಸಿನ ಗುಸ್ತಾವ್ ಕೊರಿಯೊಲಿಸ್ 1835ರಲ್ಲಿ ಬಿಲಿಯರ್ಡ್ಸ್ ಚೆಂಡುಗಳ ಗಣಿತದ ಮೇಲೆಯೇ ಒಂದು ಪುಸ್ತಕ ಬರೆದ. ನಮ್ಮ ಮುಂಗಾರಿನ ಗಾಳಿ ನೇರ ಬಾರದೆ ಬಾಗಿಕೊಂಡು ಬರುವುದಕ್ಕೆ ಕಾರಣವಾದ ಬಲಕ್ಕೆ ಇರುವುದೂ ಅವನದೇ ಹೆಸರು. ಅಂಥವನಿಗೂ ಈ ಮೇಜಿನ ಮೇಲೆ ಒಂದು ಪುಸ್ತಕಕ್ಕಾಗುವಷ್ಟು ಸರಕು ಸಿಕ್ಕಿತು ಎಂದು ನೆನೆದಾಗ ನನ್ನ ಅರ್ಧ ಗಂಟೆ ಹೆಚ್ಚೆನಿಸುವುದಿಲ್ಲ.

ಪಾರ್ಲರ್ ನೋಡಿಕೊಳ್ಳುವವರು ಹಿಂದೆ ಒಂದು ಹಳೆಯ ಕ್ಲಬ್ಬಿನಲ್ಲಿ ಮಾರ್ಕರ್ ಆಗಿದ್ದವರು. ಬಿಲಿಯರ್ಡ್ಸ್ ಕೋಣೆಯಲ್ಲಿ ಅಂಕ ಹೇಳುವುದು, ಚೆಂಡು ಒರೆಸಿ ಜೋಡಿಸುವುದು, ಜೊತೆ ಸಿಗದ ಮೆಂಬರುಗಳ ಜೊತೆ ತಾವೇ ಆಡುವುದು, ಇದು ಮಾರ್ಕರ್ ಕೆಲಸ. ನಾನು ಶುರುಮಾಡಿದ ಹೊಸತರಲ್ಲಿ ಒಂದು ಉದ್ದನೆಯ ಹೊಡೆತ ಗುಂಡಿಗೆ ಬಿದ್ದು ಹಿಗ್ಗಿ ತಲೆ ಎತ್ತಿದೆ. ಅವರು ಕೌಂಟರಿನಿಂದಲೇ ಹೇಳಿದರು: “ಬಿದ್ದದ್ದು ನೋಡ್ಬೇಡಿ ಸಾರ್. ವೈಟ್ ಎಲ್ಲಿ ನಿಂತ್ಕೊಳ್ತು, ಅದು ನೋಡಿ.” ಬಿಳಿ ಚೆಂಡು ಆ ಹೊತ್ತಿಗೆ ಮೇಜಿನ ಇನ್ನೊಂದು ತುದಿಯಲ್ಲಿ, ಮುಂದಿನ ಯಾವ ಚೆಂಡಿಗೂ ದಾರಿಯಿಲ್ಲದ ಕಡೆ, ಕುಶನ್ನಿಗೆ ಅಂಟಿಕೊಂಡು ಕೂತಿತ್ತು.

ಆ ಮಾತು ಕಿವಿಯಲ್ಲಿದ್ದಾಗಲೇ ಅಮೆರಿಕದ ಬ್ಲೂಸ್ ಗಾಯಕ, ಗಿಟಾರಿಗ ಬಿ.ಬಿ. ಕಿಂಗ್ ನನಗೆ ಹೊಸದಾಗಿ ಕೇಳಿಸಿದ. ಅವನ ‘ಲೈವ್ ಅಟ್ ದಿ ರೀಗಲ್’ ಮುದ್ರಿಕೆ ಮೊದಲೇ ಗೊತ್ತಿತ್ತು. 1964ರ ನವೆಂಬರ್ 21ರಂದು ಷಿಕಾಗೊ ನಗರದ ರೀಗಲ್ ಥಿಯೇಟರಿನಲ್ಲಿ ಜನರ ಎದುರು ನುಡಿಸಿ ಹಾಡಿದ್ದು. ಆದರೆ ಅಂದು ಅಭ್ಯಾಸ ಮಾಡುತ್ತ ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡಾಗ, ಅವನು ಎಷ್ಟು ಕಡಿಮೆ ನುಡಿಸುತ್ತಾನೆ ಎಂಬುದು ಮೊದಲ ಸಲ ಗಮನಕ್ಕೆ ಬಂತು. ಒಂದು ಸಾಲು ಹಾಡುತ್ತಾನೆ. ಗಿಟಾರ್ ಸುಮ್ಮನಿರುತ್ತದೆ. ಹಾಡು ನಿಂತ ಮೇಲೆ ಗಿಟಾರ್ ಬಾಯಿ ತೆರೆಯುತ್ತದೆ. ಹಾಡುತ್ತ ನುಡಿಸುವುದು ಅವನ ರೀತಿಯಲ್ಲ. ಕಚೇರಿಯಲ್ಲಿ ಗಾಯಕರು ರಾಗದ ಒಂದು ತುಣುಕು ಮುಗಿಸಿ ಉಸಿರೆಳೆದುಕೊಂಡಾಗ ಪಿಟೀಲಿನವರು ಅದೇ ತುಣುಕನ್ನು ಕೈಗೆತ್ತಿಕೊಳ್ಳುತ್ತಾರಲ್ಲ, ಹಾಗೆ. ಇಲ್ಲಿ ಗಾಯಕನೂ ಅವನೇ, ಪಿಟೀಲಿನವನೂ ಅವನೇ. ಆ ಗಿಟಾರಿಗೆ ಲೂಸಿಲ್ ಎಂದು ಹೆಣ್ಣು ಹೆಸರಿಟ್ಟಿದ್ದ. 1949ರ ಚಳಿಗಾಲ, ಆರ್ಕನ್ಸಾದ ಒಂದು ಹಳ್ಳಿಯ ಕುಣಿತದ ಮನೆ. ಜಗಳವಾಡುತ್ತಿದ್ದ ಇಬ್ಬರು ಸೀಮೆಎಣ್ಣೆ ಉರಿಯುತ್ತಿದ್ದ ಪೀಪಾಯಿಯನ್ನು ಉರುಳಿಸಿ ಮನೆಯೆಲ್ಲ ಹೊತ್ತಿಕೊಂಡಿತು. ಹೊರಗೆ ಓಡಿಬಂದವನು ಗಿಟಾರ್ ಒಳಗೇ ಉಳಿಯಿತೆಂದು ಮತ್ತೆ ಬೆಂಕಿಯೊಳಗೆ ನುಗ್ಗಿದ. ಜಗಳ ನಡೆದದ್ದು ಲೂಸಿಲ್ ಎಂಬ ಹೆಂಗಸಿಗಾಗಿ ಎಂದು ಮರುದಿನ ತಿಳಿಯಿತು. ಇನ್ನೆಂದೂ ಅಂಥ ಕೆಲಸ ಮಾಡಬಾರದೆಂದು ತನಗೆ ತಾನೇ ನೆನಪಿಸಿಕೊಳ್ಳಲು ಆ ಹೆಸರು.

ಅವನ ಎಡಗೈಯನ್ನು ವಿಡಿಯೊಗಳಲ್ಲಿ ನಿಧಾನವಾಗಿ ನೋಡಬೇಕು. ತಂತಿಯ ಮೇಲೆ ತೋರುಬೆರಳು ಒತ್ತಿರುತ್ತದೆ. ಹೆಬ್ಬೆರಳು ಗಿಟಾರಿನ ಕತ್ತನ್ನು ಬಿಟ್ಟಿರುತ್ತದೆ, ಉಳಿದ ಬೆರಳುಗಳು ಗಾಳಿಯಲ್ಲಿ ಹರಡಿರುತ್ತವೆ. ಆ ಒಂದೇ ಬೆರಳ ಆಧಾರದ ಮೇಲೆ ಇಡೀ ಕೈ ದೀಪದ ಹುಳುವಿನ ರೆಕ್ಕೆಯಂತೆ ಅದುರುತ್ತದೆ. ಸ್ವರ ಅದುರುವುದಿಲ್ಲ, ಉಸಿರಾಡುತ್ತದೆ. ಅವನ ನೆಂಟ ಬುಕ್ಕಾ ವೈಟ್ ಬೆರಳಿಗೆ ಲೋಹದ ಕೊಳವೆ ಹಾಕಿ ತಂತಿಯ ಮೇಲೆ ಜಾರಿಸುತ್ತಿದ್ದ. ಆ ಜಾರು ಇವನ ಕೈಗೆ ಬರಲಿಲ್ಲ. ಆ ಧ್ವನಿ ಬೇಕು, ಕೊಳವೆ ಒಗ್ಗುವುದಿಲ್ಲ, ಹಾಗಾಗಿ ಬೆರಳನ್ನೇ ನಡುಗಿಸಿದ. ಬಾರದ ವಿದ್ಯೆಯನ್ನು ಅರಸುತ್ತ ಹೋದವನಿಗೆ ಸಿಕ್ಕ ವಿದ್ಯೆ ಅದು. ಮಿಸಿಸಿಪಿಯಲ್ಲಿ ಹತ್ತಿ ಬಿಡಿಸಿದ, ಟ್ರ್ಯಾಕ್ಟರ್ ಓಡಿಸಿದ ಕೈ, 2015ರಲ್ಲಿ ತೀರಿಕೊಳ್ಳುವ ತನಕ ಹಾಗೆಯೇ ನಡುಗುತ್ತಿತ್ತು.

ಇಲ್ಲಿ ನನಗೊಂದು ವಿಷಯ ಹೊಳೆಯಿತು, ಹೊಳೆದಾಗಿನಿಂದ ಬಿಡುತ್ತಿಲ್ಲ. ಕ್ಯೂ ಕೋಲಿನ ತುದಿಯ ಚರ್ಮ ಬಿಳಿ ಚೆಂಡಿಗೆ ತಾಗಿಕೊಂಡಿರುವುದು ಒಂದು ಸೆಕೆಂಡಿನ ಸಾವಿರದ ಒಂದು ಭಾಗದಷ್ಟು ಹೊತ್ತು. ಅದರೊಳಗೆ ಎಲ್ಲವೂ ಮುಗಿದುಹೋಗಿರುತ್ತದೆ: ದಿಕ್ಕು, ವೇಗ, ಸುತ್ತು, ಎಲ್ಲಿ ನಿಲ್ಲುತ್ತದೆ ಎಂಬುದು ಕೂಡ. ಆಮೇಲೆ ಚೆಂಡು ಮೂರ್ನಾಲ್ಕು ಸೆಕೆಂಡು ಓಡಬಹುದು, ಕುಶನ್ನಿಗೆ ಬಡಿದು ತಿರುಗಬಹುದು, ನಾನು ನೋಡುತ್ತ ನಿಲ್ಲಬಹುದು ಅಷ್ಟೆ. ಬಿಟ್ಟ ಬಾಣ. ಗಿಟಾರಿನಲ್ಲಿ ನೇರ ತಿರುಗುಮುರುಗು. ಮೀಟಿದ್ದು ಒಂದು ಗಳಿಗೆ, ಆದರೆ ಸ್ವರ ಹುಟ್ಟಿದ ಮೇಲೆಯೂ ಕೈಯಲ್ಲೇ ಇರುತ್ತದೆ. ಎಳೆಯಬಹುದು, ಸಡಿಲಿಸಬಹುದು, ನಡುಗಿಸಬಹುದು, ಬೆರಳೊತ್ತಿ ಬಾಯಿ ಮುಚ್ಚಿಸಬಹುದು. ಗಾಳಿಪಟ ಹಾರಿದ ಮೇಲೆಯೂ ದಾರ ಬೆರಳಲ್ಲಿ ಇರುತ್ತದಲ್ಲ, ಹಾಗೆ. ಒಂದರಲ್ಲಿ ಹೊಡೆಯುವ ಮುಂಚೆಯೇ ಆಟ ಮುಗಿದಿರುತ್ತದೆ. ಇನ್ನೊಂದರಲ್ಲಿ ಮೀಟಿದ ಮೇಲೆಯೇ ಆಟ. ಎರಡನ್ನೂ ಒಂದೇ ಮಧ್ಯಾಹ್ನ ಸವಿದರೆ ಒಂದರ ರುಚಿ ಇನ್ನೊಂದನ್ನು ಎತ್ತಿಕೊಡುತ್ತದೆ. ಊಟದಲ್ಲಿ ಉಪ್ಪಿನಕಾಯಿ ನಾಲಿಗೆಗೆ ಮುಟ್ಟಿದ ಮೇಲೆ ಮೊಸರನ್ನ ಬೇರೆಯೇ ಆಗುವುದಿಲ್ಲವೇ?

ವೀಣೆ ಕೇಳಿ ಬೆಳೆದವರಿಗೆ ಮೀಟಿದ ಮೇಲಿನ ಈ ಆಟ ಹೊಸದಲ್ಲ. ನಮ್ಮ ಮನೆಯಲ್ಲಿ ವೈಣಿಕ ದೊರೆಸ್ವಾಮಿ ಅಯ್ಯಂಗಾರರ ಮುದ್ರಿಕೆಗಳು ಬೆಳಗಿನ ಕಾಫಿಯ ಜೊತೆಗೆ ಇದ್ದವು. ಒಂದೇ ಮೆಟ್ಟಿಲ ಮೇಲೆ ಬೆರಳಿಟ್ಟು ತಂತಿಯನ್ನು ಅಡ್ಡಕ್ಕೆ ಎಳೆದಾಗ, ಒಂದು ಮೀಟಿನಲ್ಲೇ ಮುಂದಿನ ಸ್ವರಕ್ಕೆ ಏರಿ ಮತ್ತೆ ಇಳಿದು ಬರುವ ಗಮಕ. ಬ್ಲೂಸ್ ಗಿಟಾರಿನವರು ಬೆಂಡ್ ಎನ್ನುವುದು ಕೈಯ ಕೆಲಸವಾಗಿ ಇದೇ. ಅವರು ಬಹಳ ನೆಚ್ಚುವ ಒಂದು ಸ್ವರವಂತೂ ಸಾಧಾರಣ ಗಾಂಧಾರಕ್ಕೂ ಅಂತರ ಗಾಂಧಾರಕ್ಕೂ ನಡುವೆ, ಪಿಯಾನೊದ ಯಾವ ಮನೆಯಲ್ಲೂ ಸಿಗದ ಜಾಗದಲ್ಲಿ ಇದೆ. ಸಾಧಾರಣ ಗಾಂಧಾರದಲ್ಲಿ ಮೀಟಿ, ಒಂದು ನೂಲು ಮೇಲಕ್ಕೆ ಎಳೆಯುತ್ತಾರೆ. ಮೇಲಿನದನ್ನು ಮುಟ್ಟುವುದಿಲ್ಲ. ಅಳುವ ಮಗು ಸಮಾಧಾನವಾಗುವ ಮುಂಚೆ ಒಂದು ಸಲ ಬಿಕ್ಕುತ್ತದಲ್ಲ, ಆ ಬಿಕ್ಕು ಅದು. ಹೀಗೆಂದು ಎರಡೂ ಸಂಗೀತ ಒಂದೇ ಎಂದು ನಾನು ಹೇಳುವುದಿಲ್ಲ. ಅವುಗಳ ಹುಟ್ಟು ಬೇರೆ, ನೋವು ಬೇರೆ. ತಂತಿ ಮತ್ತು ಬೆರಳು ಮಾತ್ರ ಎಲ್ಲ ಕಡೆಯೂ ತಂತಿ ಮತ್ತು ಬೆರಳೇ.

ಎಳೆತದಲ್ಲಿ ಆಲ್ಬರ್ಟ್ ಕಿಂಗ್‌ನ ಸಮಾನ ಯಾರೂ ಇಲ್ಲ ಎಂದು ನನ್ನ ಎಣಿಕೆ. ಎಡಗೈಯವನು. ಬಲಗೈಯವರ ಗಿಟಾರನ್ನೇ ತಿರುಗಿಸಿ ಹಿಡಿದ, ತಂತಿಗಳನ್ನು ಮಾತ್ರ ಅದಲುಬದಲು ಮಾಡಲಿಲ್ಲ. ಹೀಗಾಗಿ ಎಲ್ಲರಿಗೂ ಕೆಳಗಿರುವ ಸಣ್ಣ ತಂತಿ ಇವನಿಗೆ ಮೇಲೆ. ಬೇರೆಯವರು ತಂತಿಯನ್ನು ಮೇಲಕ್ಕೆ ನೂಕಿದರೆ ಇವನು ನೆಲದ ಕಡೆಗೆ ಎಳೆಯುತ್ತಾನೆ. ಬಾವಿಯ ಹಗ್ಗ ಸೇದಿದವರಿಗೆ ಗೊತ್ತು, ನೂಕುವುದಕ್ಕಿಂತ ಎಳೆಯುವುದರಲ್ಲಿ ತೋಳಿಗೆ ಬಲ ಹೆಚ್ಚು. ಮೀಟಲು ಪಿಕ್ ಇಲ್ಲ, ಬರೀ ಹೆಬ್ಬೆರಳು. 1967ರ ‘ಬಾರ್ನ್ ಅಂಡರ್ ಎ ಬ್ಯಾಡ್ ಸೈನ್’ ಆಲ್ಬಮ್ಮಿನಲ್ಲಿ ಒಂದೊಂದು ಸ್ವರವೂ ಕೊಡ ತುಂಬಿಕೊಂಡು ಬಾವಿಯಿಂದ ಮೇಲೆ ಬರುವಂತೆ ಬರುತ್ತದೆ, ಭಾರವಾಗಿ, ತುಳುಕುತ್ತ. ಜಿಮಿ ಹೆಂಡ್ರಿಕ್ಸ್ ಕೂಡ ಬಲಗೈ ಗಿಟಾರನ್ನು ತಿರುಗಿಸಿ ಹಿಡಿದವನೇ, ಆದರೆ ತಂತಿಗಳನ್ನು ತನ್ನ ಕೈಗೆ ತಕ್ಕಂತೆ ಮತ್ತೆ ಕಟ್ಟಿಕೊಂಡ. ಟೆಕ್ಸಸ್ಸಿನ ಸ್ಟೀವಿ ರೇ ವಾನ್‌ಗೆ ಇನ್ನೊಂದು ಹಟ. ಸಾಮಾನ್ಯವಾಗಿ ಮೊದಲ ತಂತಿ ಇಂಚಿನ ಸಾವಿರದಲ್ಲಿ 9 ಅಥವಾ 10 ಭಾಗ ದಪ್ಪ. ಅವನು 13 ಭಾಗದ್ದನ್ನು ಕಟ್ಟುತ್ತಿದ್ದ. ಬೆರಳ ತುದಿ ಹರಿದುಹೋದರೆ ಅಂಟು ಹಾಕಿ ಮುಚ್ಚಿಕೊಂಡು ಮತ್ತೆ ನುಡಿಸುತ್ತಿದ್ದ. 1983ರಲ್ಲಿ ಬಂದ ಅವನ ‘ಟೆಕ್ಸಸ್ ಫ್ಲಡ್’ ಕೇಳುವಾಗ ನನ್ನ ಬೆರಳೂ ಮಿಡಿಯುತ್ತದೆ.

ಅಭ್ಯಾಸ ಎಂದಾಗ ನೆನಪಾಗುವವನು ರಾಬರ್ಟ್ ಜಾನ್ಸನ್. ನಾಲ್ಕು ದಾರಿ ಕೂಡುವಲ್ಲಿ ನಡುರಾತ್ರಿ ಸೈತಾನನಿಗೆ ಆತ್ಮ ಮಾರಿ ಗಿಟಾರ್ ವಿದ್ಯೆ ಪಡೆದ ಎಂಬ ಕತೆ ಲೋಕಕ್ಕೆಲ್ಲ ಗೊತ್ತು. ಹುಡುಗನಾಗಿದ್ದಾಗ ಅವನು ಗಿಟಾರ್ ಮುಟ್ಟಿದರೆ ಜನ ಕಿವಿ ಮುಚ್ಚಿಕೊಳ್ಳುತ್ತಿದ್ದರಂತೆ. ಊರು ಬಿಟ್ಟು ಹೋದ. ತಿರುಗಿ ಬಂದಾಗ, ಹಿಂದೆ ಕಿರಿಕಿರಿಪಟ್ಟಿದ್ದ ಹಿರಿಯ ಗಿಟಾರಿಗ ಸನ್ ಹೌಸ್ ಬೆರಗಾಗಿ ನಿಂತ. ಸೈತಾನನಿಗಿಂತ ನನಗೆ ಪ್ರಿಯವಾದದ್ದು ನಡುವೆ ನಡೆದ ಸಂಗತಿ. ಮಿಸಿಸಿಪಿಯ ಹೇಜಲ್‌ಹರ್ಸ್ಟ್ ಸೀಮೆಯಲ್ಲಿ ಐಕ್ ಜಿಮ್ಮರ್‌ಮನ್ ಎಂಬವನ ಮನೆಯಲ್ಲಿ ಉಳಿದುಕೊಂಡು ಜಾನ್ಸನ್ ಪಾಠ ಕಲಿತ. ರಾತ್ರಿ ಹೊತ್ತು ಯಾರಿಗೂ ತೊಂದರೆಯಾಗದಿರಲೆಂದು ಗುರು ಶಿಷ್ಯರಿಬ್ಬರೂ ಹತ್ತಿರದ ಸ್ಮಶಾನಕ್ಕೆ ಹೋಗಿ ಗೋರಿಕಲ್ಲುಗಳ ಮೇಲೆ ಕೂತು ನುಡಿಸುತ್ತಿದ್ದರು ಎಂದು ಜಿಮ್ಮರ್‌ಮನ್ ಮನೆಯವರು ನೆನೆದಿದ್ದಾರೆ. ಎದುರುಬದುರು ಎರಡು ಕಲ್ಲು, ಎರಡು ಗಿಟಾರ್, ಕತ್ತಲು. ತಪ್ಪಿದ ಸ್ವರವನ್ನು ಮತ್ತೆ ಮತ್ತೆ ಎತ್ತಿಕೊಳ್ಳುವ ಹುಡುಗ. 1936 ಮತ್ತು 37ರಲ್ಲಿ ಸ್ಯಾನ್ ಆಂಟೋನಿಯೊ, ಡಲ್ಲಾಸ್ ನಗರಗಳಲ್ಲಿ ಅವನು 29 ಹಾಡು ಮುದ್ರಿಸಿದ. 1938ರಲ್ಲಿ, 27ನೇ ವಯಸ್ಸಿನಲ್ಲಿ, ತೀರಿಕೊಂಡ. ಆ 29 ಹಾಡುಗಳಲ್ಲಿ ಒಂದೇ ಗಿಟಾರ್ ಇಬ್ಬರು ಮೂವರು ನುಡಿಸಿದಂತೆ ಕೇಳುತ್ತದೆ. ಹೆಬ್ಬೆರಳು ಕೆಳಗೆ ತಾಳ ಹಿಡಿದು ನಡೆಯುತ್ತಿರುತ್ತದೆ, ಮೇಲೆ ಉಳಿದ ಬೆರಳು ಮಾತಾಡುತ್ತಿರುತ್ತವೆ. ಗೋರಿಕಲ್ಲಿನ ಮೇಲಿನ ರಾತ್ರಿಗಳೆಲ್ಲ ಆ ಹೆಬ್ಬೆರಳಲ್ಲಿವೆ.

ಪೂಲ್ ಮೇಜಿಗೂ ಇಂಥದೇ ಕತೆಗಳಿವೆ. ಎಫ್ರೆನ್ ರೇಯೆಸ್ ಫಿಲಿಪ್ಪೀನ್ಸಿನ ಬಡ ಮನೆಯ ಹುಡುಗ. ಮನಿಲಾದಲ್ಲಿ ಚಿಕ್ಕಪ್ಪನ ಪೂಲ್ ಹಾಲಿನಲ್ಲಿ ಕೆಲಸಕ್ಕಿದ್ದ, ರಾತ್ರಿ ಮೇಜಿನ ಮೇಲೆಯೇ ಮಲಗುತ್ತಿದ್ದ. ಎತ್ತರ ಸಾಲದೆ ಸೋಡಾ ಬಾಟಲಿಗಳ ಪೆಟ್ಟಿಗೆಯ ಮೇಲೆ ನಿಂತು ಆಡುತ್ತಿದ್ದ. ಮುಂದೆ ಲೋಕ ಅವನನ್ನು ಜಾದೂಗಾರ ಎಂದು ಕರೆಯಿತು, 1999ರಲ್ಲಿ ನೈನ್‌ಬಾಲ್ ವಿಶ್ವ ಚಾಂಪಿಯನ್ ಆದ. 1995ರಲ್ಲಿ ಅಮೆರಿಕದ ರೀನೊ ನಗರದಲ್ಲಿ ಅರ್ಲ್ ಸ್ಟ್ರಿಕ್ಲ್ಯಾಂಡ್ ವಿರುದ್ಧದ ನಿರ್ಣಾಯಕ ರ‍್ಯಾಕಿನಲ್ಲಿ ಅವನು ಹೊಡೆದ ಒಂದು ಹೊಡೆತವನ್ನು ನಾನು ಎಷ್ಟು ಸಲ ನೋಡಿದ್ದೇನೋ ಲೆಕ್ಕವಿಲ್ಲ. ಹೊಡೆಯಬೇಕಾದ 5ರ ಚೆಂಡಿಗೆ ದಾರಿ ಇಲ್ಲ, ನಡುವೆ ಇನ್ನೊಂದು ಚೆಂಡು ಅಡ್ಡ. ರೇಯೆಸ್ ಮೇಜಿನ ಸುತ್ತ ನಡೆದು ನೋಡಿದ. ಬಗ್ಗಿದ. ಬಿಳಿ ಚೆಂಡು ಒಂದು ಕುಶನ್ನಿಗೆ ಬಡಿದು, ಎದುರಿನದಕ್ಕೆ ಬಡಿದು, ಇಂಗ್ಲಿಷಿನ ಝಡ್ ಅಕ್ಷರ ಬರೆದ ಹಾಗೆ ಬಂದು 5ನ್ನು ಮುಟ್ಟಿತು. 5 ಗುಂಡಿಗೆ ಬಿತ್ತು. ಕೂತ ಜನ ಎದ್ದು ನಿಂತರು. ನನಗೆ ಬೇಕಾದದ್ದು ಅದರ ಮುಂದಿನ ಕ್ಷಣ. ಬಿಳಿ ಚೆಂಡು ಆಮೇಲೆ ನಿಧಾನವಾಗಿ ಸರಿದು 6ರ ಚೆಂಡಿಗೆ ಒಪ್ಪುವ ಕಡೆ ಹೋಗಿ ನಿಂತಿತು. ನಮ್ಮ ಮಾರ್ಕರ್ ಇದ್ದಿದ್ದರೆ ಅದನ್ನೇ ನೋಡುತ್ತಿದ್ದರು.

ರೇಯೆಸ್‌ನ ಹೊಡೆತಗಳು ಬೆರಗು ಹುಟ್ಟಿಸಿದರೆ, ವಿಲ್ಲಿ ಮಾಸ್ಕೋನಿಯ ಆಟದಲ್ಲಿ ಬೆರಗೇ ಇಲ್ಲ ಎಂಬುದು ಬೆರಗು. 1954ರ ಮಾರ್ಚ್ 19ರಂದು ಒಹಾಯೊದ ಸ್ಪ್ರಿಂಗ್‌ಫೀಲ್ಡ್‌ನಲ್ಲಿ ಅವನು ಒಂದೂ ತಪ್ಪದೆ 526 ಚೆಂಡು ಗುಂಡಿಗೆ ಹಾಕಿದ. ಸ್ಟ್ರೇಟ್ ಪೂಲ್ ಎಂಬ ಆ ಆಟದಲ್ಲಿ ಹದಿನಾಲ್ಕು ಚೆಂಡು ಮುಗಿದಾಗ ಹದಿನೈದನೆಯದನ್ನು ಉಳಿಸಿಕೊಂಡು, ಹೊಸದಾಗಿ ಜೋಡಿಸಿದ ರಾಶಿಯನ್ನು ಅದರ ನೆಪದಲ್ಲೇ ಒಡೆಯಬೇಕು. ಅವನ ಆಟದಲ್ಲಿ ಕಷ್ಟದ ಹೊಡೆತ ಕಾಣಿಸುವುದೇ ಅಪರೂಪ. ಬಿಳಿ ಚೆಂಡು ಒಂದು ಗೇಣು, ಎರಡು ಗೇಣು ಸರಿಯುತ್ತದೆ ಅಷ್ಟೆ. ಪ್ರತಿ ಸಲವೂ ಮುಂದಿನದು ಸುಲಭವಾಗುವ ಕಡೆ ನಿಲ್ಲುತ್ತದೆ. ನಮ್ಮ ಬೆಂಗಳೂರಿನಲ್ಲಿ ಕಲಿತು ಬೆಳೆದ ಪಂಕಜ್ ಆಡ್ವಾಣಿಯವರ ಬಿಲಿಯರ್ಡ್ಸಿನಲ್ಲೂ ಇದೇ ಮೃದುತನ. ಮೂರು ಚೆಂಡು ಒಂದರ ಪಕ್ಕ ಒಂದು ಕೂತು ಪಿಸುಗುಟ್ಟುತ್ತಿರುವಂತೆ ಅವರು ಆಡುತ್ತಾರೆ, ಅಂಕ ಏರುತ್ತಲೇ ಇರುತ್ತದೆ. ಬಿ.ಬಿ. ಕಿಂಗ್ ಗಿಟಾರಿನ ಇಡೀ ಕತ್ತನ್ನು ಬಿಟ್ಟು ನಾಲ್ಕೈದು ಸ್ವರಗಳ ಒಂದು ಪುಟ್ಟ ಅಂಗಳದಲ್ಲೇ ಇರುತ್ತಾನಲ್ಲ, ಆ ಅಂಗಳ ನೆನಪಾಗುತ್ತದೆ.

ಈ ಎರಡು ಲೋಕ ನಿಜವಾಗಿಯೂ ಒಂದಾದದ್ದೂ ಉಂಟು. 1961ರಲ್ಲಿ ಪಾಲ್ ನ್ಯೂಮನ್ ‘ದಿ ಹಸ್ಲರ್’ ಚಿತ್ರದಲ್ಲಿ ಪೂಲ್ ಆಟಗಾರನಾದಾಗ ಅವನಿಗೆ ಕೋಲು ಹಿಡಿಯುವುದನ್ನು ಕಲಿಸಿದವರಲ್ಲಿ ಈ ಮಾಸ್ಕೋನಿಯೇ ಇದ್ದ. ಅದೇ ಪಾತ್ರ ಇಪ್ಪತ್ತೈದು ವರ್ಷದ ಮೇಲೆ, 1986ರಲ್ಲಿ, ಮಾರ್ಟಿನ್ ಸ್ಕಾರ್ಸೆಸೆಯ ‘ದಿ ಕಲರ್ ಆಫ್ ಮನಿ’ ಚಿತ್ರದಲ್ಲಿ ತಿರುಗಿ ಬಂತು, ನ್ಯೂಮನ್‌ಗೆ ಆಸ್ಕರ್ ತಂದಿತು. ಸಂಗೀತ ‘ದಿ ಬ್ಯಾಂಡ್’ ತಂಡದ ಗಿಟಾರಿಗ ರಾಬಿ ರಾಬರ್ಟ್‌ಸನ್‌ದು. ಆ ಚಿತ್ರದ ಸಂಗೀತದ ಆಲ್ಬಮ್ಮಿನಲ್ಲಿ ಬಿ.ಬಿ. ಕಿಂಗ್ ಇದ್ದಾನೆ, ಎರಿಕ್ ಕ್ಲ್ಯಾಪ್ಟನ್ ಇದ್ದಾನೆ, ಮಾರ್ಕ್ ನಾಫ್ಲರ್ ಇದ್ದಾನೆ. ಹೊಗೆ ತುಂಬಿದ ಹಾಲುಗಳು, ಚೆಂಡು ಒಡೆಯುವ ಸಿಡಿಲು, ಅದರ ಕೆಳಗೆ ಗಿಟಾರ್. ಆ ನಾಫ್ಲರ್ 2005ರಲ್ಲಿ ಬೆಂಗಳೂರಿಗೆ ಬಂದಿದ್ದ. ಹುಟ್ಟಾ ಎಡಗೈಯವನಾದರೂ ಬಲಗೈಯವರಂತೆ ಗಿಟಾರ್ ಹಿಡಿದವನು. ಹೀಗಾಗಿ ಅವನ ಬಲವಾದ ಕೈ ಇರುವುದು ಮೀಟುವ ಕಡೆಯಲ್ಲ, ಸ್ವರವನ್ನು ಸಾಕುವ ಕಡೆ.

ಅಭ್ಯಾಸದ ಎರಡನೆಯ ಅರ್ಧ ಗಂಟೆ ಕೋಲಿನ ನಡಿಗೆಗೆ. ಹೊಡೆಯುವ ಮುಂಚೆ ಕೋಲನ್ನು ಎರಡು ಮೂರು ಸಲ ಹಿಂದೆ ಮುಂದೆ ಆಡಿಸುತ್ತೇವೆ. ಕೊನೆಯ ಸಲ ಹಿಂದಕ್ಕೆ ಎಳೆದಾಗ ಒಂದು ಚಿಕ್ಕ ತಂಗು ಬೇಕು. ಉಯ್ಯಾಲೆ ಮೇಲೇರಿ ಇನ್ನೇನು ಇಳಿಯಬೇಕು ಅನ್ನುವಾಗ ಅರೆಗಳಿಗೆ ನಿಲ್ಲುತ್ತದಲ್ಲ, ಆ ತಂಗು. ಅದು ಸಿಕ್ಕಿದ ದಿನ ಕೋಲು ತನ್ನಷ್ಟಕ್ಕೆ ನೇರ ಹೋಗುತ್ತದೆ, ಅದನ್ನು ನುಂಗಿಬಿಟ್ಟ ದಿನ ಭುಜ ಎಳೆದು ಚೆಂಡು ಅಡ್ಡ ಹೋಗುತ್ತದೆ. ವರ್ಷಗಟ್ಟಲೆ ಈ ತಂಗನ್ನು ನಾನು ಎಣಿಸಿ ಹಿಡಿಯಲು ನೋಡಿದೆ. ಎಣಿಕೆಗೆ ಅದು ಸಿಗಲಿಲ್ಲ. ಸಿಕ್ಕಿದ್ದು ಪೀಟರ್ ಗ್ರೀನ್‌ನ ಗಿಟಾರಿನಲ್ಲಿ.

ಲಂಡನ್ನಿನ ಹುಡುಗ. ಜಾನ್ ಮೇಯಲ್ ತಂಡದಲ್ಲಿ ಕ್ಲ್ಯಾಪ್ಟನ್ ಬಿಟ್ಟುಹೋದ ಜಾಗಕ್ಕೆ ಬಂದವನು. ಆ ತಂಡದ ಜೊತೆ ನುಡಿಸಿದ, 1967ರಲ್ಲಿ ಹೊರಬಂದ ‘ದಿ ಸೂಪರ್‌ನ್ಯಾಚುರಲ್’ನಲ್ಲಿ ಒಂದು ಸ್ವರವನ್ನು ಹಿಡಿದು ನಿಲ್ಲುತ್ತಾನೆ. ಅದು ಸಾಯುವ ಹೊತ್ತಿಗೆ ಆಂಪ್ಲಿಫೈಯರಿನ ಮರುದನಿ ಅದನ್ನು ಎತ್ತಿಕೊಂಡು ಮತ್ತೆ ಬೆಳೆಸುತ್ತದೆ. ಅವನು ಏನೂ ಮಾಡುವುದಿಲ್ಲ, ಬೆರಳು ತೆಗೆಯುವುದಿಲ್ಲ, ಅಷ್ಟೇ. ಮುಂದಿನ ಸ್ವರಕ್ಕೆ ಅವಸರವಿಲ್ಲ. ಬಿಸಿಲಿಳಿದ ಮೇಲೆ ಜಗಲಿಯಲ್ಲಿ ಕೂತವರು ಮಾತಿನ ನಡುವೆ ಸುಮ್ಮನಾಗುತ್ತಾರಲ್ಲ, ಆ ಸುಮ್ಮನಿರುವಿಕೆ ಅವನ ಸ್ವರಗಳ ನಡುವೆ ಇದೆ. ಅವನ ಲೆಸ್ ಪಾಲ್ ಗಿಟಾರಿನಲ್ಲಿ ತಂತಿಯ ದನಿ ಹಿಡಿಯುವ ಪಿಕಪ್‌ಗಳಲ್ಲಿ ಒಂದರ ಅಯಸ್ಕಾಂತ ತಿರುವುಮುರುವಾಗಿತ್ತು. ಎರಡೂ ಪಿಕಪ್ ಒಟ್ಟಿಗೆ ಹಾಕಿದರೆ ಧ್ವನಿ ತೆಳ್ಳಗಾಗಿ, ಗೋಡೆಯಾಚೆಯಿಂದ ಯಾರೋ ಹಾಡಿದಂತೆ ಆಗುತ್ತದೆ. ಲೋಕದ ಎಷ್ಟೋ ವೇಗದ ಗಿಟಾರಿಗರನ್ನು ಕೇಳಿ ಸಂತೋಷಪಟ್ಟಿದ್ದೇನೆ. ಇವನನ್ನು ಕೇಳಿದಾಗ ಮಾತ್ರ ನನ್ನ ಉಸಿರೇ ನಿಧಾನವಾಗುತ್ತದೆ. ಮೇಜಿನ ಮೇಲೆ ಬಗ್ಗಿದಾಗ ಅವನ ಒಂದು ಸ್ವರವನ್ನು ಮನಸ್ಸಿನಲ್ಲಿ ಹಿಡಿದುಕೊಳ್ಳುತ್ತೇನೆ, ತಂಗು ತಾನಾಗಿ ಬರುತ್ತದೆ.

ಹೊಡೆತಕ್ಕೂ ಹೊಡೆದ ಮೇಲಿನದಕ್ಕೂ ಇರುವ ಅಂತರವನ್ನು ಕೊನೆಯ ತನಕ ಒಯ್ದವನು ಗಿಟಾರಿಗ ಜೆಫ್ ಬೆಕ್. ಅವನೂ ಪಿಕ್ ಬಿಟ್ಟು ಬರೀ ಬೆರಳು ಹಿಡಿದ. ಬಲಗೈಯ ಹೆಬ್ಬೆರಳು ಮೀಟುವಾಗ ಅದೇ ಕೈಯ ಕಿರುಬೆರಳು ಧ್ವನಿಯ ಗುಂಡಿಯ ಮೇಲೆ. ಮೀಟುವ ಹೊತ್ತಿಗೆ ಧ್ವನಿ ಮುಚ್ಚಿರುತ್ತದೆ, ಮೀಟಿದ ಮೇಲೆ ಕಿರುಬೆರಳು ಅದನ್ನು ಮೆಲ್ಲಗೆ ತೆರೆಯುತ್ತದೆ. ಪೆಟ್ಟಿನ ಸದ್ದೇ ನಮಗೆ ಕೇಳುವುದಿಲ್ಲ. ಸ್ವರ ಎಲ್ಲಿಂದಲೋ ಬೆಳಕು ಹರಿದಂತೆ ಬರುತ್ತದೆ. ಬಲ್ಗೇರಿಯದ ಹೆಂಗಸರ ಮೇಳಗಾನ ಕೇಳಿ ಮನಸೋತು ಅವನು 1989ರಲ್ಲಿ ‘ವೇರ್ ವರ್ ಯೂ’ ನುಡಿಸಿದ. ಗಿಟಾರಿನ ಕಂಪನದ ಸನ್ನೆಗೋಲನ್ನು ಅಂಗೈಯಲ್ಲಿ ಹಿಡಿದು ಒಂದು ಸ್ವರದಿಂದ ಇನ್ನೊಂದಕ್ಕೆ ಒಯ್ಯುತ್ತಾನೆ. ಸನ್ನೆಗೋಲು ಒಂದು ಎಳ್ಳಿನಷ್ಟು ಹೆಚ್ಚು ಒತ್ತಿದರೆ ಅಪಸ್ವರ. ಅದು ಗಿಟಾರ್ ಎಂದು ಗೊತ್ತಿಲ್ಲದವರು ಯಾರೋ ಹಾಡುತ್ತಿದ್ದಾರೆ ಅಂದುಕೊಳ್ಳುತ್ತಾರೆ. ಪೂಲ್ ಮೇಜಿನಲ್ಲಿ ಹೊಡೆತವೊಂದೇ ನನ್ನದು. ಅವನು ಹೊಡೆತವನ್ನೇ ಅಳಿಸಿ ಉಳಿದದ್ದನ್ನೆಲ್ಲ ಇಟ್ಟುಕೊಂಡ.

ಕಳೆದ ಆಷಾಢದ ಒಂದು ಮಧ್ಯಾಹ್ನ. ಹೊರಗೆ ಜಿಟಿಜಿಟಿ ಮಳೆ. ಮಳೆಗಾಲದಲ್ಲಿ ಬಟ್ಟೆ ತೇವ ಹೀರಿ ಚೆಂಡು ಭಾರವಾಗಿ ಓಡುತ್ತದೆ, ಎಲ್ಲ ಲೆಕ್ಕವನ್ನೂ ಒಂದು ಗುಲಗಂಜಿಯಷ್ಟು ತಿದ್ದಿಕೊಳ್ಳಬೇಕು. ಮೇಜಿನ ಮೇಲೆ ಎರಡೇ ಚೆಂಡು ಉಳಿದಿದ್ದವು, 8 ಮತ್ತು 9. 8ನ್ನು ತೆಳ್ಳಗೆ ಸವರಿ ಪಕ್ಕದ ಗುಂಡಿಗೆ ಹಾಕಬೇಕು, ಬಿಳಿ ಚೆಂಡು ಉದ್ದದ ಕುಶನ್ನಿಗೆ ಬಡಿದು, ಮೇಜಿನ ಅಗಲವನ್ನು ದಾಟಿ, 9ರ ಹಿಂದೆ ಹೋಗಿ ನಿಲ್ಲಬೇಕು. ಇಯರ್‌ಫೋನ್ ತೆಗೆದಿಟ್ಟಿದ್ದೆ. ಚಾಕ್ ಸವರಿ ಬಗ್ಗಿದೆ. ಕೋಲು ಹಿಂದೆ ಹೋಯಿತು, ತಂಗಿತು, ಮುಂದೆ ಹೋಯಿತು. ಟಕ್ ಎಂದು ತಾಗಿದ ಅದೇ ಗಳಿಗೆಯಲ್ಲಿ ಕರೆಂಟು ಹೋಯಿತು.

ಕಿಟಕಿಯಿಲ್ಲದ ಹಾಲು, ಕಣ್ಣಿಗೆ ಏನೂ ಇಲ್ಲ. 8 ಗುಂಡಿಯ ಚರ್ಮಕ್ಕೆ ಬಡಿದು ಒಳಗೆ ಉರುಳಿದ್ದು ಕೇಳಿಸಿತು. ಆಮೇಲೆ ಕುಶನ್ನಿನ ಮೆತ್ತನೆಯ ಧಬ್. ಆಮೇಲೆ ರೇಷ್ಮೆ ಸೀರೆ ಮಡಿಸುವಾಗ ಬರುವಂಥ ಒಂದು ಸಣ್ಣ ಸದ್ದು, ಬಿಳಿ ಚೆಂಡು ಬಟ್ಟೆಯ ಮೇಲೆ ಹೋಗುತ್ತಿರುವುದು. ಅದು ತೆಳ್ಳಗಾಯಿತು. ಇನ್ನೂ ತೆಳ್ಳಗಾಯಿತು. ಕೇಳಿಸುತ್ತಿದೆಯೋ, ಕೇಳಿಸಿದ್ದು ಕಿವಿಯಲ್ಲಿ ಉಳಿದಿದೆಯೋ ತಿಳಿಯದಷ್ಟು ತೆಳ್ಳಗಾಯಿತು. ನಾನು ಬಗ್ಗಿದವನು ಬಗ್ಗಿಯೇ ಇದ್ದೆ, ಎದ್ದರೆ ಆ ಸದ್ದು ಕೆಡುತ್ತದೇನೋ ಎಂಬಂತೆ.

“ನಿಂತಿತಾ?” ಎಂದು ಕತ್ತಲಲ್ಲೇ ಮೆಲ್ಲಗೆ ಕೇಳಿದೆ.

ಕೌಂಟರಿನ ಕಡೆಯಿಂದ ಒಂದು ಕ್ಷಣ ಮಾತಿಲ್ಲ. ಅವರೂ ಕಿವಿಗೊಟ್ಟಿದ್ದರು.

“ಇಲ್ಲ ಸಾರ್,” ಅಂದರು, “ಇನ್ನೂ ಹೋಗ್ತಾ ಇದೆ.”